ಒಂದು ಒಲೆಗೆ ಒಂದು ಹಿಡಿ

ಖಾಕಿ ಚೀಲದ ಬಾಯಿ ಬಿಚ್ಚಿ ಮೊರಕ್ಕೆ ಸುರಿಯುತ್ತಿದ್ದ ಕೃಪಾಳ ಕೈ ಅಲ್ಲೇ ನಿಂತಿತು.

ಅಕ್ಕಿ ಕೆಂಪಗಿತ್ತು.

ಪೂರ್ತಿ ಕೆಂಪಲ್ಲ. ಕಾಫಿ ಹಣ್ಣು ಕೊಯ್ದು ಬಂದವರು ತೊಳೆಯದ ಬೆರಳಲ್ಲಿ ಕಾಳುಗಳನ್ನು ಸವರಿಟ್ಟ ಹಾಗೆ, ಬಿಳಿಯ ಮೈಮೇಲೆ ಸಣ್ಣ ಕೆಂಪು ಗೆರೆ. ರಾಜಮುಡಿ. ಆಲೂರು ಕಡೆಯ ಗದ್ದೆಯ ಅಕ್ಕಿ. ಅಂಗಡಿಯಲ್ಲಿ ಬೆಲೆ ಕೇಳಿ ಕೃಪಾ ಎಷ್ಟೋ ಸಲ ಕೈ ಹಿಂದಕ್ಕೆ ತೆಗೆದುಕೊಂಡ ಅಕ್ಕಿ.

ಅದು ಜಯಶೀಲನ ಚೀಲದಲ್ಲಿ ಯಾಕಿದೆ?

ಸಕಲೇಶಪುರದ ಆ ಪುಟ್ಟ ಲೂಥರನ್ ಸಭೆಯಲ್ಲಿ ಹಿಡಿ ಅಕ್ಕಿಯ ಪದ್ಧತಿ ಅಜ್ಜಿಯರ ಕಾಲದ್ದು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಹಿಡಿ ತೆಗೆದು ಒಲೆ ಪಕ್ಕದ ಚೀಲಕ್ಕೆ ಹಾಕಬೇಕು. ಭಾನುವಾರ ಆ ಚೀಲಗಳೆಲ್ಲ ಆರಾಧನೆಗೆ ಬರುತ್ತವೆ. ಬಲಿಪೀಠದ ಮುಂದೆ ಇಟ್ಟು ಸಭೆಯ ಪಾದ್ರಿ ಅಯ್ಯನವರು ಪ್ರಾರ್ಥಿಸುತ್ತಾರೆ. ಮಧ್ಯಾಹ್ನ ಆ ಅಕ್ಕಿ ವನಗೂರು ಕಡೆಯ ಎಸ್ಟೇಟುಗಳಲ್ಲಿ ದುಡಿದು, ಈಗ ಕೈಲಾಗದೆ ಕೂಲಿ ಲೈನಿನ ಮನೆಗಳಲ್ಲಿ ಕೂತ ಮುದುಕ ಮುದುಕಿಯರಿಗೆ ಹೋಗುತ್ತದೆ. ಯಾವ ಜಾತಿ, ಯಾವ ದೇವರು ಎಂದು ಯಾರೂ ಕೇಳುವುದಿಲ್ಲ. ಬರೆದಿಡದ ನಿಯಮ ಎರಡೇ. ಕೊಂಡು ತಂದು ಸುರಿಯುವ ಹಾಗಿಲ್ಲ, ತಾವು ಉಣ್ಣುವ ಅಕ್ಕಿಯನ್ನೇ ಕೊಡಬೇಕು. ಇನ್ನೊಂದು, ಪ್ರತಿ ಸಲ ಬೇಯಿಸುವಾಗ ಒಂದು ಒಲೆಗೆ ಒಂದು ಹಿಡಿ. ಉಳ್ಳವರು ಎರಡು ಹಾಕಿ ಮೆರೆಯುವ ಹಾಗಿಲ್ಲ, ಇಲ್ಲದವರು ಬಿಡುವ ಹಾಗೂ ಇಲ್ಲ.

ಚೀಲಗಳನ್ನು ಹೊಲಿದವಳು ಕೃಪಾ. ಆಯಾ ಮನೆಯವರ ಹಳೆ ಬಟ್ಟೆಯಲ್ಲೇ ಹೊಲಿದಿದ್ದಳು, ಅದಲು ಬದಲಾಗದಿರಲಿ ಎಂದು. ಜಯಶೀಲನದು ಅವನ ಹಳೆಯ ಖಾಕಿ ಶರ್ಟಿನ ಚೀಲ. ಜೇಬು ಬಿಚ್ಚಲು ಮನಸ್ಸಾಗದೆ ಗುಂಡಿ ಸಮೇತ ಬಿಟ್ಟಿದ್ದಳು. ಆ ಜೇಬಿನಲ್ಲಿ ಪ್ರತಿ ವಾರ ನಾಲ್ಕಾರು ಏಲಕ್ಕಿ ಇರುತ್ತಿದ್ದವು. ಯಾರಿಗೆ ಅಂತ ಅವನು ಹೇಳಿರಲಿಲ್ಲ, ಯಾಕೆ ಅಂತ ಅವಳು ಕೇಳಿರಲಿಲ್ಲ. ಅವಳ ಮನೆಯ ಟೀ ಮಾತ್ರ ವಾರವಿಡೀ ಘಮಘಮ ಅನ್ನುತ್ತಿತ್ತು.

ಗಂಡ ಸ್ಯಾಮುವೆಲ್ ತೀರಿಕೊಂಡ ವರ್ಷ ಅವಳು ಈ ಕೆಲಸಕ್ಕೆ ಕೂತವಳು. ವಾರದ ಉಳಿದ ದಿನವೆಲ್ಲ ಗೋಡೌನಿನಲ್ಲಿ ಕಾಫಿ ಬೀಜ ಆರಿಸುವ ಕೈ, ಭಾನುವಾರ ಅಕ್ಕಿ ಆರಿಸುತ್ತಿತ್ತು. ಒಂದು ಚೀಲದ ಹುಳ ಎಲ್ಲಕ್ಕೂ ಹತ್ತಬಾರದೆಂದು ಒಂದೊಂದನ್ನೂ ಬೇರೆ ಬೇರೆ ಕೇರಿ, ಆಮೇಲೆ ಡ್ರಮ್ಮಿಗೆ ಸುರಿಯಬೇಕು. ಹಾಗಾಗಿ ಸಭೆಯ ಮನೆಗಳೆಲ್ಲ ಅವಳಿಗೆ ಅಕ್ಕಿಯಲ್ಲೇ ಗೊತ್ತು. ಯಾರ ಮನೆಗೆ ಅಳಿಯ ಬಂದಿದ್ದಾನೆ, ಯಾರಿಗೆ ಶುಗರ್ ಬಂದು ಅನ್ನ ಬಿಟ್ಟಿದ್ದಾರೆ, ಯಾವ ಗಂಡ ಹೆಂಡತಿ ಜಗಳವಾಡಿ ಒಲೆ ಹಚ್ಚದೆ ಮಲಗಿದ್ದಾರೆ, ಚೀಲ ಬಿಚ್ಚಿದರೆ ಸಾಕು.

ಜಯಶೀಲನ ಚೀಲವನ್ನು ಓದುವುದಂತೂ ತೀರಾ ಸುಲಭ. ಒಂಟಿ ಗಂಡಸು. ಇಬ್ಬರು ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನ ಮದುವೆಯ ವಯಸ್ಸು ದಾಟಿಸಿಕೊಂಡವನು. ಎಸ್ಟೇಟುಗಳಿಗೆ ಜೀಪು ಬಾಡಿಗೆ ಓಡಿಸುತ್ತ ಕಂಡಲ್ಲಿ ತಿಂದು, ಸಂಜೆ ಒಂದು ಮುದ್ದೆ ತಿರುವಿಕೊಳ್ಳುವವನು. ರೇಷನ್ ಅಕ್ಕಿ, ಅದೂ ಚೀಲದ ತಳ ಮುಚ್ಚಿದರೆ ಹೆಚ್ಚು.

ಈಗ ಅದೇ ಚೀಲ ಅರ್ಧಕ್ಕಿಂತ ಮೇಲೆ ತುಂಬಿತ್ತು. ಅಂದರೆ ಆ ಮನೆಯಲ್ಲಿ ದಿನವೂ ಒಲೆ ಉರಿಯುತ್ತಿದೆ. ಹೊತ್ತು ಹೊತ್ತಿಗೂ ಅನ್ನ ಬೇಯುತ್ತಿದೆ.

ಯಾರೋ ಬೇಯಿಸುತ್ತಿದ್ದಾರೆ.

"ಏನೇ ಕೃಪಾ, ಮೊರ ಹಿಡ್ಕಂಡು ಕಲ್ಲಿನಂಗೆ ಕೂತ್ಬುಟ್ಟೆ?" ಪಕ್ಕದಲ್ಲಿ ಪೊಟ್ಟಣ ಕಟ್ಟುತ್ತಿದ್ದ ಅಮ್ಮನವರು, ಎಂದರೆ ಅಯ್ಯನವರ ಹೆಂಡತಿ, ಕೇಳಿದರು. "ಹುಳ ಐತಾ ಅಕ್ಕೀಲಿ?"

"ಇಲ್ಲ ಅಮ್ಮ."

ಹುಳ ಅಕ್ಕಿಯಲ್ಲಿರಲಿಲ್ಲ.

*

ಸುಮನಾ ಬಂದದ್ದು ಮಳೆ ಹಿಂದೆಗೆಯುವ ಹೊತ್ತಿಗೆ. ಫಿಸಿಯೋಥೆರಪಿ ಓದಿದವಳು, ಆಲೂರು ಕಡೆ ಮಗ್ಗೆಯಲ್ಲಿ ಭತ್ತ ಬೆಳೆಯುವ ದೇವೀರಪ್ಪನವರ ಮಗಳು. ಸಭೆಯವಳಲ್ಲ. ಲೈನುಗಳ ಮುದುಕಿಯರ ಮಂಡಿ ಸೊಂಟ ನೋಡಲು ಯಾರಾದರೂ ಬಂದರೆ ಚೆನ್ನಾಗಿತ್ತು ಎಂದು ಅಯ್ಯನವರು ಯಾರ ಹತ್ತಿರವೋ ಹೇಳಿದ್ದು ಅವಳ ಕಿವಿಗೆ ಬಿದ್ದು, ಒಂದು ಭಾನುವಾರ ತಾನಾಗಿ ಬಂದು ನಿಂತಿದ್ದಳು. ಒಳ್ಳೆಯ ಹುಡುಗಿ. ಅದೇ ತೊಂದರೆ. ಕೆಟ್ಟವಳಾಗಿದ್ದರೆ ಕೃಪಾಳಿಗೆ ಇಷ್ಟು ಕಷ್ಟವಿರಲಿಲ್ಲ.

ಮೊದಲ ದಿನವೇ, ಅಕ್ಕಿ ಹಂಚಲು ಹೊರಟಿದ್ದ ಜಯಶೀಲನ ಜೀಪಿನ ಹತ್ತಿರ ಬಂದು, "ಅಕ್ಕಾ, ನಾನು ಮುಂದೆ ಕೂರ್ಲಾ? ಹಿಂದೆ ಕೂತ್ರೆ ಈ ತಿರುವಲ್ಲಿ ವಾಂತಿ ಬರುತ್ತೆ" ಎಂದಳು.

ಮುಂದಿನ ಸೀಟು ಕೃಪಾಳದ್ದು. ಹಾಗಂತ ಎಲ್ಲೂ ಬರೆದಿರಲಿಲ್ಲ. "ಕೂರಮ್ಮ, ಅದಕ್ಕೇನಂತೆ" ಎಂದು ಹಿಂದೆ ಹೋಗಿ ಅಕ್ಕಿ ಪೊಟ್ಟಣಗಳ ನಡುವೆ ಕೂತಳು. ಅಂದಿನಿಂದ ಅಲ್ಲೇ ಕೂತಿದ್ದಾಳೆ.

ಹಿಂದಿನಿಂದ ಅವಳಿಗೆ ಕಾಣುವುದು ಜಯಶೀಲನ ಕುತ್ತಿಗೆ, ಸುಮನಾಳ ಜಡೆ, ಕನ್ನಡಿಯಲ್ಲಿ ಅವನ ಎರಡು ಕಣ್ಣು. ಆ ಕಣ್ಣು ಆಗಾಗ ಮೇಲೆದ್ದು ಹಿಂದಕ್ಕೆ ನೋಡುತ್ತಿತ್ತು. ಪೊಟ್ಟಣ ಬಿದ್ದಿದೆಯೋ ಅಂತ ನೋಡುತ್ತಾನೆ, ಅಂದುಕೊಂಡು ಕೃಪಾ ಕಾಫಿ ಗಿಡಗಳ ಕಡೆ ಮುಖ ತಿರುಗಿಸುತ್ತಿದ್ದಳು.

ಸಭೆಯಲ್ಲಿ ಎಲ್ಲರಿಗೂ ಅವಳು ಕೃಪಕ್ಕ. ಅವಳಿಗಿಂತ ದೊಡ್ಡವರೂ ಕೆಲವರು ಹಾಗೇ ಕರೆಯುತ್ತಾರೆ. ಜಯಶೀಲ ಮಾತ್ರ ಇಷ್ಟು ವರ್ಷದಲ್ಲಿ ಒಂದು ಸಲವೂ ಆ ಅಕ್ಕ ಸೇರಿಸಿದವನಲ್ಲ. "ಕೃಪಾ ಅವ್ರೇ" ಎನ್ನುತ್ತಾನೆ, ಇಲ್ಲವೇ ಬರೀ "ರೀ". ಅವಳೂ ಅವನನ್ನು ಅಣ್ಣ ಎಂದವಳಲ್ಲ. ಈ ಎರಡು ಶಬ್ದಗಳನ್ನು ಇಬ್ಬರೂ ಎಷ್ಟು ಜಾಗ್ರತೆಯಿಂದ ತಪ್ಪಿಸಿಕೊಂಡು ಬಂದಿದ್ದಾರೆಂದರೆ, ಅದನ್ನೇ ಅವಳು ಒಂದು ಮಾತುಕತೆ ಎಂದು ನಂಬಿಕೊಂಡಿದ್ದಳು.

ರಾಜಮುಡಿ ಕಂಡ ಭಾನುವಾರವೂ ಜೀಪು ವನಗೂರಿನ ಏರು ಹತ್ತುತ್ತಿತ್ತು. ಸುಮನಾ ಜಡೆ ಮುಂದಕ್ಕೆ ಹಾಕಿಕೊಂಡು ಕೇಳಿದಳು.

"ಜಯಶೀಲ್ ಅವ್ರೇ, ಅಪ್ಪ ಕೇಳ್ತಿದ್ರು. ಅನ್ನ ಚೆನ್ನಾಗಿ ಆಗ್ತಿದೆಯಾ ಅಂತ."

"ಮೊದ್ಲು ಗಂಜಿ ಆಗ್ತಿತ್ತು ಕಣ್ರೀ. ಈಗ ಪರವಾಗಿಲ್ಲ. ನೀವು ಹೇಳಿದ ಮೇಲೆ ನೆನೆಹಾಕಿ ಇಡ್ತೀನಿ."

"ಅಪ್ಪ ನಿಮ್ಮನ್ನ ಕೇಳ್ತಾನೇ ಇರ್ತಾರೆ. ಮನೆ ಕಡೆ ಬರೋಕೆ ಹೇಳು ಅಂದ್ರು."

"ಬರ್ತೀನಿ ಬರ್ತೀನಿ. ಕಾಫಿ ಕೊಯ್ಲು ಶುರು ಆಗೋ ಮುಂಚೆ ಬಂದ್ಬುಡ್ತೀನಿ."

ಹಿಂದೆ ಕೂತ ಕೃಪಾಳ ಕೈಲಿದ್ದ ಪೊಟ್ಟಣದ ದಾರ ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಗಿತ್ತು. ಇವನು ನೆನೆಹಾಕಿ ಇಡುತ್ತಾನೆ, ಅವಳು ಬಂದು ಬೇಯಿಸುತ್ತಾಳೆ. ಅಪ್ಪನವರೆಗೆ ಹೋಗಿದೆ. ಮನೆಗೆ ಕರೆಯುವವರೆಗೆ ಬಂದಿದೆ. ಇನ್ನೇನು ಉಳಿಯಿತು?

*

ಮೊರ ಹಿಡಿದವರಿಗೆ ಒಂದು ಪಾವು ಅಂತ ಹಳೆಯ ಅಮ್ಮನವರೊಬ್ಬರು ಮಾಡಿಟ್ಟ ಕಟ್ಟಳೆಯಿತ್ತು. ಅಕ್ಕಿ ಕೇರಿದವಳು ಬರೀ ಧೂಳು ಕುಡಿದು ಮನೆಗೆ ಹೋಗಬಾರದು ಅಂತ. ಎಲ್ಲ ಚೀಲ ಬೆರೆತ ಡ್ರಮ್ಮಿನಿಂದ ಆ ಪಾವು ಪ್ರತಿ ಭಾನುವಾರ ಕೃಪಾಳ ಮನೆಗೆ ಹೋಗುತ್ತಿತ್ತು. ದಪ್ಪಕ್ಕಿ, ಸಣ್ಣಕ್ಕಿ, ಕುಸುಬಲಕ್ಕಿ ಎಲ್ಲ ಒಂದೇ ಪಾತ್ರೆಯಲ್ಲಿ. ಒಂದು ಬೆಂದರೆ ಒಂದು ಬೇಯದು. ಆದರೂ ಎಂಟು ವರ್ಷದ ಮಗಳು ಪ್ರಾರ್ಥನಾ ಅದಕ್ಕೆ "ಎಲ್ಲರ ಮನೆ ಅನ್ನ" ಎಂದು ಹೆಸರಿಟ್ಟು, ಇದು ಯಾರ ಮನೇದು, ಇದು ಯಾರ ಮನೇದು ಎಂದು ಅಗುಳು ಎತ್ತಿ ಎತ್ತಿ ಕೇಳುತ್ತ ಉಣ್ಣುತ್ತಿದ್ದಳು.

ಆ ತಟ್ಟೆಗೆ ಸುಮನಾ ಬೇಯಿಸುವ ಅಕ್ಕಿ ಬರುವುದು ಕೃಪಾಳಿಗೆ ಬೇಡವಾಯಿತು.

ಹಾಗೆಂದು ಚೆಲ್ಲುವಂತಿಲ್ಲ, ಪ್ರಾರ್ಥನೆಯಾದ ಅಕ್ಕಿ. ಅವಳು ಒಂದು ಉಪಾಯ ಕಂಡುಕೊಂಡಳು. ಖಾಕಿ ಚೀಲದ ಅಕ್ಕಿಯನ್ನು ಡ್ರಮ್ಮಿಗೆ ಸುರಿಯದೆ, ಹಾಗೇ ಪೊಟ್ಟಣ ಕಟ್ಟಿ ವನಗೂರಿನ ಲೈನಿನ ರಾಜಲಕ್ಷ್ಮಮ್ಮನಿಗೆಂದು ಎತ್ತಿಟ್ಟಳು. ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಮೊರದ ಸಂದಿಯಲ್ಲಿ ಒಂದು ಕೆಂಪು ಕಾಳು ಸಿಕ್ಕಿಕೊಂಡಿದ್ದರೆ ಅದನ್ನೂ ಉಗುರಲ್ಲಿ ಕಿತ್ತು ಆ ಪೊಟ್ಟಣಕ್ಕೇ ಹಾಕುತ್ತಿದ್ದಳು. ಒಂದು ಬಗೆಯ ಸುಖವಿತ್ತು ಅದರಲ್ಲಿ. ಹುಣ್ಣನ್ನು ಒತ್ತಿ ನೋಡಿಕೊಳ್ಳುವ ಸುಖ.

ಜೇಬಿನ ಗುಂಡಿಯನ್ನೂ ಬಿಚ್ಚುವುದು ಬಿಟ್ಟಳು. ಏಲಕ್ಕಿ ಬೇಕಾದವರು ಬೇರೆ ಇದ್ದಾರೆ. ಖಾಲಿ ಚೀಲ ಜೇಬು ಸಮೇತ ಹಾಗೇ ವಾಪಸು ಹೋಯಿತು.

ಆರಾಧನೆಗೆ ಮೊದಲು ಅವಳೇ ನಡೆಸುವ ಸಂಡೇ ಸ್ಕೂಲಿನಲ್ಲಿ ಆ ತಿಂಗಳು ಹತ್ತು ಆಜ್ಞೆಗಳ ಪಾಠ. ಕೊನೆಯದಕ್ಕೆ ಬಂದಾಗ, ಬೇರೆಯವರದ್ದಕ್ಕೆ ಆಸೆಪಡಬಾರದು ಎಂದು ಮಕ್ಕಳಿಗೆ ಹೇಳುತ್ತ ಹೇಳುತ್ತ ಅವಳು ಪುಸ್ತಕ ಮುಚ್ಚಿಬಿಟ್ಟಳು. ಬೇರೆಯವರದ್ದು ಅಂತ ಯಾವಾಗ ಆಯಿತು? ಅದನ್ನು ಯಾರು ತೀರ್ಮಾನಿಸಿದರು? ಮಕ್ಕಳು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು.

ಮನೆಗೆ ಬರುವಾಗ ಪ್ರಾರ್ಥನಾ ಹೇಳಿದಳು, "ಅಮ್ಮ, ಜಯ ಮಾಮ ದಪ್ಪ ಆಗವ್ರೆ ಅಲ್ವಾ? ಶರ್ಟಿನ ಗುಂಡಿ ಹಿಂಗೆ ಎಳ್ಕೊಂಡು ನಿಂತದೆ."

"ದೊಡ್ಡೋರ ಬಗ್ಗೆ ಹಂಗೆಲ್ಲ ಮಾತಾಡ್ಬಾರ್ದು."

"ನಾನು ಅವರಿಗೇ ಹೇಳ್ದೆ. ನಕ್ಕರು."

ಕೃಪಾಳೂ ನೋಡಿದ್ದಳು. ಎಲುಬು ಕಾಣುತ್ತಿದ್ದ ಕೆನ್ನೆ ತುಂಬಿಕೊಂಡಿತ್ತು. ಸ್ಟೇರಿಂಗಿಗೂ ಹೊಟ್ಟೆಗೂ ನಡುವೆ ಈಗ ಜಾಗ ಕಮ್ಮಿ. ಚೆನ್ನಾಗೇ ಕಾಣುತ್ತಿದ್ದ, ಅದು ಇನ್ನೊಂದು ಸಂಕಟ. ಆ ಹೊಟ್ಟೆಯ ಒಂದೊಂದು ಸುತ್ತಿನಲ್ಲೂ ಅವಳಿಗೆ ಬೇರೊಬ್ಬಳ ಕೈಯಡುಗೆ ಕಾಣುತ್ತಿತ್ತು.

*

ನವೆಂಬರಿನ ಒಂದು ಶನಿವಾರ ಗೋಡೌನಿನ ಕೆಲಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದಾಗ, ದೋಣಿಗಲ್ ರಸ್ತೆಯಲ್ಲಿ ಜಯಶೀಲನ ಮನೆ ಮುಂದೆ ಲಾರಿಗಳ ಸಾಲು ಕಟ್ಟಿ ಬಸ್ಸು ನಿಂತಿತು. ಕಿಟಕಿಯಿಂದ ನೋಡಿದರೆ ಅಂಗಳದಲ್ಲಿ ಸುಮನಾ. ಜಯಶೀಲ ಜೀಪಿನಿಂದ ಮೂಟೆ ಇಳಿಸುತ್ತಿದ್ದಾನೆ, ಅವಳು ಬಾಗಿಲು ಹಿಡಿದು ನಿಂತಿದ್ದಾಳೆ. ಮನೆಯವಳ ಹಾಗೆ. ಅವನು ಏನೋ ಅಂದ. ಅವಳು ಅವನ ಹೊಟ್ಟೆ ತೋರಿಸಿ ನಕ್ಕಳು. ಅವನೂ ಹೊಟ್ಟೆ ಸವರಿಕೊಂಡು ನಕ್ಕ.

ಬಸ್ಸು ಹೊರಟಿತು. ಕೃಪಾ ಟಿಕೆಟ್ಟನ್ನು ಸಣ್ಣಗೆ ಸಣ್ಣಗೆ ಹರಿದು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಸೀದಾ ಅಮ್ಮನವರ ಮನೆಗೆ ಹೋಗಿ, ಕೂರದೆ ಹೇಳಿದಳು.

"ಅಮ್ಮ, ಆಗಮನದ ಭಾನುವಾರದಿಂದ ಮೊರ ಬೇರೆಯೋರಿಗೆ ಕೊಡಿ. ನಂಗೆ ಆಗಲ್ಲ."

ಅಮ್ಮನವರು ಕನ್ನಡಕ ತೆಗೆದರು. "ಜೀಪಲ್ಲಿ ಹೋಗೋದೂ ಬಿಡ್ತೀಯಾ?"

"ಅದೂ ಬಿಡ್ತೀನಿ."

"ಯಾರಿಗೆ ಕೊಡ್ಲಿ ಮತ್ತೆ?"

"ಸುಮನಾ ಅವ್ರಿಗೆ ಕೊಡಿ. ಮುಂದಿನ ಸೀಟಲ್ಲಿ ಕೂತು ಅಭ್ಯಾಸ ಆಗೈತೆ ಅವ್ರಿಗೆ."

ಅಮ್ಮನವರು ಕನ್ನಡಕ ಮತ್ತೆ ಹಾಕಿಕೊಂಡರು. "ಜಯಶೀಲಂಗೆ ಹೇಳಿದ್ದೀಯಾ?"

"ಅವ್ರಿಗ್ಯಾಕೆ ಹೇಳ್ಬೇಕು?"

"ಅಲ್ಲ, ನಾಲ್ಕು ವಾರದಿಂದ ಆ ಹುಡ್ಗ ಬಂದು ಬಂದು ಕೇಳ್ತಾವ್ನೆ, ಕೃಪಾ ಅವ್ರು ಅವ್ರ ಪಾವು ಅಕ್ಕಿ ತಗೊಂಡೋದ್ರಾ, ತಗೊಂಡೋದ್ರಾ ಅಂತ. ಅದಕ್ಕೆ ಕೇಳ್ದೆ."

ಕೃಪಾ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊಟ್ಟೆಕಿಚ್ಚಿಗೆ ಬೇಕಾದದ್ದು ಮಾತ್ರ ಕೇಳಿಸುತ್ತದೆ. ಮನೆಗೆ ಹೋಗಿ ಟೀ ಮಾಡಿದಳು, ಏಲಕ್ಕಿಯಿಲ್ಲದ್ದು. ಕುಡಿಯಲಾಗದೆ ಚೆಲ್ಲಿದಳು.

*

ಮಾರನೆಯ ದಿನವೇ ಅವಳ ಕೊನೆಯ ಸುತ್ತು. ಇನ್ನೊಂದು ವಾರಕ್ಕೆ ಆಗಮನ ಕಾಲ, ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ, ಶುರು. ಜೀಪಿನ ಹಿಂದೆ ಕೂತು, ಇನ್ನು ಈ ತಿರುವು ನೋಡುವುದಿಲ್ಲ, ಈ ಸೇತುವೆ ನೋಡುವುದಿಲ್ಲ ಎಂದುಕೊಳ್ಳುತ್ತ ಹೋದಳು. ಕನ್ನಡಿಯ ಕಡೆ ನೋಡಲೇ ಇಲ್ಲ. ನೋಡಿದರೆ ಅಳು ಬರುತ್ತಿತ್ತು.

ರಾಜಲಕ್ಷ್ಮಮ್ಮನ ಲೈನು ಎಲ್ಲಕ್ಕಿಂತ ಮೇಲೆ. ಒಂದೇ ಕೋಣೆ, ಹೊರಗೆ ಕಲ್ಲಿನ ಕಟ್ಟೆ. ಎಂದೂ ಇಲ್ಲದೆ ಆವತ್ತು ಮುದುಕಿ ಮೂರು ತಟ್ಟೆ ತೊಳೆದಿಟ್ಟು ಕಾದಿದ್ದಳು.

"ಕೂತ್ಕಳಿ. ವಾರ ವಾರ ತಂದು ಹಾಕೋರು ನೀವು, ನಾನೊಂದ್ ದಿನ ಹಾಕದ್ ಬ್ಯಾಡ್ವಾ?"

"ಅಜ್ಜಿ, ಮಂಡಿ ನೋಡ್ತೀನಿ ಮೊದ್ಲು" ಅಂದಳು ಸುಮನಾ.

"ಮಂಡಿ ಎಲ್ಗೂ ಓಡೋಗಕಿಲ್ಲ ಕಣವ್ವ. ಓಡೋ ಮಂಡಿ ಆಗಿದ್ರೆ ನಿನ್ನ ಯಾಕ್ ಕರೀತಿದ್ದೆ? ಉಣ್ಣು."

ತಟ್ಟೆಗೆ ಬಿದ್ದದ್ದು ರಾಜಮುಡಿ ಅನ್ನ. ಮೇಲೆ ಸೊಪ್ಪಿನ ಸಾರು. ಹಬೆಯಲ್ಲಿ ಎದ್ದ ಆ ವಾಸನೆಗೆ ಕೃಪಾಳ ಎದೆ ಒಂದು ಕ್ಷಣ ಎಲ್ಲಿಗೋ ಹೋಗಿ ಬಂತು. ಆಲೂರು ಕಡೆಯ ಅವಳ ತವರು, ಒಲೆ ಮುಂದೆ ಅವ್ವ, ಮೊಸರು ಕಲಸಿದ ಕೆಂಪು ಅನ್ನದ ತುತ್ತು. ಮಳೆಗಾಲದಲ್ಲಿ ಇದೇ ಕಟ್ಟೆಯ ಮೇಲೆ ಕೂತು, ಸುಮನಾ ಇನ್ನೂ ಬಂದಿರಲಿಲ್ಲ ಆಗ, ರಾಜಲಕ್ಷ್ಮಮ್ಮನಿಗೆ ಅದನ್ನೆಲ್ಲ ಹೇಳಿದ್ದಳು. ಅವ್ವ ಹೋದ ಮೇಲೆ ಆ ಅನ್ನ ಉಂಡಿಲ್ಲ ಕಣಜ್ಜಿ, ಒಂದ್ಸಲ ಪ್ರಾರ್ಥನಾಗೆ ತಿನ್ನಿಸ್ಬೇಕು, ಅಂದಿದ್ದಳು. ಜಯಶೀಲ ಪಕ್ಕದಲ್ಲೇ ಜೀಪಿನ ಟೈರು ಬಿಚ್ಚುತ್ತಿದ್ದ.

"ಹೆಂಗೈತೆ ಅನ್ನ?" ಮುದುಕಿ ಜಯಶೀಲನನ್ನು ಕೇಳಿದಳು.

"ಚೆನ್ನಾಗೈತೆ ಅಜ್ಜಿ. ಎಲ್ಲಿಂದ ಬಂತು ರಾಜಮುಡಿ ನಿಮ್ಗೆ?"

"ಎಲ್ಲಿಂದ ಅಂದ್ರೆ? ಈಯವ್ವ ಕೊಡ್ತಾಳಲ್ಲ." ಮುದುಕಿ ಕೃಪಾಳ ಬೆನ್ನು ಸವರಿದಳು. "ಪುಣ್ಯಾತ್ಗಿತ್ತಿ. ಬ್ಯಾರೆಯೋರ್ಗೆಲ್ಲ ಬಿಳೀದು, ನಂಗೊಬ್ಳಿಗೆ ಕೆಂಪಕ್ಕಿ. ಒಂದ್ ಕಾಳು ಬಿಡ್ದಂಗೆ ಕಟ್ಕಂಡ್ ತತ್ತಾಳೆ. ನೀನೂ ಇಟ್ಕಳವ್ವ ಅಂದ್ರೆ, ನಂಗ್ ಬ್ಯಾಡ ಕಣಜ್ಜಿ, ಈ ಅಕ್ಕಿ ನಮ್ಮನೆ ಒಲೆ ಮೇಲ್ ಬೇಯಾದ್ ಬ್ಯಾಡ ಅಂತಾಳೆ."

ಜಯಶೀಲನ ಕೈ ತಟ್ಟೆಯಲ್ಲೇ ನಿಂತಿತು.

"ಒಂದು ಸಲಾನೂ ಮನೆಗೆ ತಗೊಂಡೋಗಿಲ್ವಾ?" ಅಂದ. ಕೇಳಿದ್ದು ಮುದುಕಿಯನ್ನಲ್ಲ.

ಕೃಪಾ ತಲೆ ಎತ್ತಲಿಲ್ಲ. "ಇಲ್ಲ."

ಅವನು ಉಳಿದ ಅನ್ನವನ್ನು ಬೇಗ ಬೇಗ ಉಂಡು, ತಟ್ಟೆ ತೊಳೆದಿಟ್ಟು, ಹೊರಗೆ ಹೋದ. ಜೀಪಿನ ಬಾನೆಟ್ಟು ಎತ್ತಿದ ಸದ್ದು ಕೇಳಿಸಿತು. ಜೀಪಿಗೆ ಏನೂ ಆಗಿರಲಿಲ್ಲ.

ಸುಮನಾ ನಿಧಾನವಾಗಿ ಕೃಪಾಳ ಕಡೆ ತಿರುಗಿದಳು. ಮೊದಲು ಅರ್ಥವಾಗದ ಮುಖ, ಆಮೇಲೆ ಅರ್ಥವಾದ ಮುಖ.

"ಅಕ್ಕಾ, ನಮ್ಮಪ್ಪನ ಹತ್ರ ಮೂಟೆಗಟ್ಲೆ ರಾಜಮುಡಿ ತಗೊಂಡ್ರು ಇವ್ರು. ನಿನ್ನೆನೂ ಒಂದು ಮೂಟೆ, ನಾನೇ ಜೊತೆಗೆ ಬಂದು ಇಳಿಸಿ ಹೋದೆ. ಒಬ್ರಿಗೆ ಇಷ್ಟು ಯಾಕ್ರೀ, ಹೊಟ್ಟೆ ನೋಡ್ಕೊಳ್ಳಿ ಅಂದ್ರೆ ಬರೀ ನಗ್ತಾರೆ. ಅಪ್ಪಂಗಂತೂ ಇಷ್ಟು ಒಳ್ಳೆ ಗಿರಾಕಿ ಜನ್ಮದಲ್ಲಿ ಸಿಕ್ಕಿಲ್ಲ."

"ನೀವು ಮಾಡಿ ಹಾಕ್ತಿಲ್ವಾ?" ಬಾಯಿಂದ ಬಂದೇಬಿಟ್ಟಿತು.

"ನಾನಾ? ನಂಗೆ ಮ್ಯಾಗಿ ಬಿಟ್ರೆ ಏನೂ ಬರಲ್ಲ ಅಕ್ಕಾ. ನೆನೆಹಾಕಿ ಅಂತ ಅಪ್ಪ ಹೇಳಿದ್ದನ್ನ ಹೇಳ್ದೆ, ಅಷ್ಟೆ." ಸುಮನಾ ರಾಜಲಕ್ಷ್ಮಮ್ಮನ ಮಂಡಿಯನ್ನು ತೊಡೆಯ ಮೇಲೆ ಎತ್ತಿಕೊಂಡು ಎಣ್ಣೆ ಹಚ್ಚತೊಡಗಿದಳು. ಕೆಳಗೆ ನೋಡುತ್ತಲೇ ಹೇಳಿದಳು. "ನಿಜ ಹೇಳ್ಲಾ? ಅವ್ರು ನನ್ನ ಕೇಳಿದ್ರೆ ಹೂಂ ಅಂತಿದ್ನೇನೋ. ಕೇಳ್ಲಿಲ್ಲ. ಕನ್ನಡಿಲಿ ಹಿಂದೆ ನೋಡ್ಕೊಂಡೇ ಜೀಪು ಓಡಿಸ್ತಾರೆ. ಎಷ್ಟು ಸಲ ಹೇಳಿದೀನಿ, ಮುಂದೆ ನೋಡಿ ಮಾರಾಯ್ರೆ, ಚರಂಡಿಗೆ ಬಿದ್ದೀವು ಅಂತ."

"ಹೋಗವ್ವ ಆಚೆ," ಅಂದಳು ರಾಜಲಕ್ಷ್ಮಮ್ಮ, ಕೃಪಾಳಿಗೆ. "ಇಲ್ಲಿ ನನ್ನ ಮಂಡಿ ನೋಡ್ಕಂಡು ಏನ್ ಮಾಡೀಯೆ."

*

ಅವನು ಬಾನೆಟ್ಟಿನೊಳಗೆ ತಲೆ ಹಾಕಿ ಯಾವುದೋ ನಟ್ಟನ್ನು ಒರೆಸಿದ್ದೇ ಒರೆಸುತ್ತಿದ್ದ. ಕೃಪಾ ಬಂದು ಪಕ್ಕದಲ್ಲಿ ನಿಂತಳು. ಕೆಳಗೆ ಕಣಿವೆಯವರೆಗೆ ಕಾಫಿ ಗಿಡಗಳು, ಹಣ್ಣು ಕೆಂಪೇರುತ್ತಿತ್ತು.

"ಯಾಕೆ ಅಷ್ಟೊಂದು ಅಕ್ಕಿ?" ಎಂದಳು.

"ಉಣ್ಣಕ್ಕೆ."

"ಮೂರು ಹೊತ್ತೂ?"

"ಒಂದು ಸಲ ಅಕ್ಕಿ ತೊಳೆದ್ರೆ ಒಂದೇ ಹಿಡಿ ಅಲ್ವಾ ಲೆಕ್ಕ." ನಟ್ಟಿಗೇ ಹೇಳಿದ. "ಕೊಂಡು ತಂದು ಸುರಿಯೋ ಹಂಗಿಲ್ಲ. ನಾನು ಉಂಡ್ರೇನೇ ಹಾಕ್ಬೇಕು. ಹೆಚ್ಚು ಹಾಕ್ಬೇಕು ಅಂದ್ರೆ ಹೆಚ್ಚು ಸಲ ಬೇಯಿಸ್ಬೇಕು. ಅದಕ್ಕೇ ಬೆಳಿಗ್ಗೆ ಅನ್ನ, ಮಧ್ಯಾಹ್ನ ಮನೆಗೆ ಓಡಿ ಬಂದು ಅನ್ನ, ಸಾಯಂಕಾಲ ಅನ್ನ. ಮುದ್ದೆ ಮುಖ ನೋಡಿ ಎರಡು ತಿಂಗಳಾಯ್ತು."

"ಯಾಕೆ ಅಂತ ಕೇಳ್ದೆ."

"ಹತ್ತು ಮನೆ ಅಕ್ಕಿ ಬೆರೆತು ನಿಮ್ಗೆ ಹೋಗೋದು ಒಂದು ಪಾವು. ಅದ್ರಲ್ಲಿ ನಂದು ನಾಲ್ಕು ಅಗುಳು ಬರ್ಲಿ ಅಂದ್ರೂ ಚೀಲ ತುಂಬ್ಬೇಕಲ್ಲ." ಅವನು ತಲೆ ಹೊರಗೆ ತೆಗೆದ. ಹಣೆಗೆ ಗ್ರೀಸು ಹತ್ತಿತ್ತು. "ಆವತ್ತು ಹೇಳಿದ್ರಿ, ಅವ್ವ ಹೋದ್ಮೇಲೆ ಉಂಡಿಲ್ಲ ಅಂತ. ಒಂದು ಮೂಟೆ ತಂದು ಬಾಗಿಲಿಗೆ ಇಟ್ರೆ ನೀವು ತಗೋತಿದ್ರಾ?"

ತೆಗೆದುಕೊಳ್ಳುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

"ಇಲ್ಲಿ ನೋಡಿದ್ರೆ ಅಜ್ಜಿ ಉಂಡ್ಕಂಡು ಗುಂಡಗವ್ಳೆ, ನಾನು ಉಂಡ್ಕಂಡು ಗುಂಡಗಾದೆ," ಎಂದ. ನಗಲು ನೋಡಿದ, ಆಗಲಿಲ್ಲ. "ನಮ್ಮನೆ ಒಲೆ ಮೇಲೆ ಬೇಯೋದು ಬೇಡ ಅಂದ್ರಂತಲ್ಲ. ಅಷ್ಟು ಬೇಡವಾದ್ನಾ?"

ಕೃಪಾಳಿಗೆ ನೆಲ ನೋಡುವಂತಾಯಿತು. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಸುಮನಾ ಬೇಯಿಸ್ತಾವ್ರೆ ಅಂದ್ಕೊಂಡೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೊದಲು ಹುಬ್ಬು ಮೇಲೆ ಹೋಯಿತು, ಆಮೇಲೆ ಬಾಯಿಯ ಒಂದು ಮೂಲೆ.

"ಅದಕ್ಕೇ ಏಲಕ್ಕಿ ತಗೊಳ್ಲಿಲ್ವಾ?"

"ಹೂಂ."

"ಕನ್ನಡಿಲಿ ನೋಡಿದ್ರೆ ಮುಖ ತಿರುಗಿಸ್ತಿದ್ದದ್ದೂ?"

"ಹೂಂ ಅಂದ್ನಲ್ಲ."

"ನಿಮಗೆ ಹೊಟ್ಟೆಕಿಚ್ಚಾ?" ಅವನು ಎಷ್ಟು ಖುಷಿಯಿಂದ ಕೇಳಿದನೆಂದರೆ, ಅವಳಿಗೆ ಸಿಟ್ಟೇ ಬಂತು.

"ಹೂಂ ರೀ. ಹೊಟ್ಟೆಕಿಚ್ಚೇ. ಆ ಮುಂದಿನ ಸೀಟು ಕಂಡ್ರೆ ಹೊಟ್ಟೆಕಿಚ್ಚು, ಆ ಜಡೆ ಕಂಡ್ರೆ ಹೊಟ್ಟೆಕಿಚ್ಚು, ನಿಮ್ಮ ಹೊಟ್ಟೆ ಕಂಡ್ರೂ ಹೊಟ್ಟೆಕಿಚ್ಚು. ಪಾಪ, ಅಷ್ಟು ಒಳ್ಳೆ ಹುಡ್ಗಿ ಮೇಲೆ. ಸಾಕಾ?"

"ಸಾಕು," ಎಂದ ಜಯಶೀಲ ಮೆಲ್ಲಗೆ. "ಈ ಹೊಟ್ಟೆ ಬೆಳೆಸಿದ್ದಕ್ಕೆ ಅಷ್ಟು ಸಾಕು."

ಅವಳು ಸೆರಗಿನ ತುದಿಯಿಂದ ಅವನ ಹಣೆಯ ಗ್ರೀಸು ಒರೆಸಿದಳು. ಒರೆಸಿದ ಮೇಲೆ ಏನು ಮಾಡಿದೆನೆಂದು ಹೊಳೆದು, ಕೈ ಎಲ್ಲಿಡುವುದೆಂದು ತಿಳಿಯದೆ ಬಾನೆಟ್ಟು ಮುಚ್ಚಿದಳು.

ಸುಮನಾ ಎಣ್ಣೆ ಕೈ ಒರೆಸುತ್ತ ಬಂದು, ಇಬ್ಬರ ಮುಖ ನೋಡಿ, ಏನೂ ಕೇಳದೆ ಹೋಗಿ ಜೀಪಿನ ಹಿಂದೆ ಕೂತಳು.

"ಹಿಂದೆ ಕೂತ್ರೆ ವಾಂತಿ ಬರ್ತದಲ್ಲಮ್ಮ ನಿಮ್ಗೆ?" ಅಂದಳು ಕೃಪಾ.

"ಇವತ್ತು ಮುಂದೆ ಕೂತ್ರೆ ಜಾಸ್ತಿ ಬರುತ್ತೆ ಅಕ್ಕಾ. ಹತ್ತಿ."

*

ಸುಮನಾಳನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದ ಮೇಲೆ ಜೀಪು ಕೃಪಾಳ ಮನೆಯ ಕಡೆ ತಿರುಗಿತು. ಕೃಪಾಳ ಮಡಿಲಲ್ಲಿ ಖಾಲಿ ಖಾಕಿ ಚೀಲವಿತ್ತು. ಅವಳು ಜೇಬಿನ ಗುಂಡಿ ಬಿಚ್ಚಿದಳು. ಒಂದು ವಾರದ್ದಲ್ಲ, ತೆಗೆಯದೆ ಬಿಟ್ಟ ವಾರಗಳದ್ದೆಲ್ಲ ಅಲ್ಲೇ ಇತ್ತು. ಹಳೆಯದನ್ನು ತೆಗೆಯದೆ ಹೊಸದನ್ನು ಸೇರಿಸುತ್ತ ಹೋಗಿದ್ದ. ಏಲಕ್ಕಿ ಒತ್ತಿ ಒತ್ತಿ ಜೇಬು ಉಬ್ಬಿತ್ತು, ಅವನ ಹೊಟ್ಟೆಯ ಹಾಗೆಯೇ.

"ಕೋಪ ಬಂದೈತೆ ಅಂತ ಗೊತ್ತಾಗಿತ್ತು," ಎಂದ, ರಸ್ತೆ ನೋಡುತ್ತ. "ಯಾಕೆ ಅಂತ ಗೊತ್ತಾಗ್ಲಿಲ್ಲ. ಪ್ರಾರ್ಥನಾನಾದ್ರೂ ಹೇಳಿರ್ತಾಳೆ ಅಂದ್ಕಂಡೆ."

"ಅವಳೇನು ಹೇಳ್ಬೇಕಿತ್ತು?"

"ಮಾಮ, ನಿಮ್ಮನೇಲಿ ಯಾರು ಅಡುಗೆ ಮಾಡೋದು ಅಂದ್ಲು ಒಂದಿನ. ನಾನೇ ಅಂದೆ. ಸಾರು ಯಾರು ಮಾಡ್ತಾರೆ ಅಂದ್ಲು. ಸಾರಿಲ್ಲ, ಉಪ್ಪಿನಕಾಯಿ ಅಂದೆ. ಹಂಗಾದ್ರೆ ನೀವು ಅಕ್ಕಿ ತಗೊಂಡು ನಮ್ಮನೆಗೇ ಬಂದ್ಬುಡಿ, ನಮ್ಮಮ್ಮ ಸಾರು ಚೆನ್ನಾಗಿ ಮಾಡ್ತಾಳೆ ಅಂದ್ಲು."

ಕೃಪಾ ಕಣ್ಣು ಮುಚ್ಚಿಕೊಂಡಳು. ಎರಡು ತಿಂಗಳು ಅವಳು ಅಕ್ಕಿಯನ್ನು ಕೇಳಿದ್ದಳು, ಜಡೆಯನ್ನು ಕೇಳಿದ್ದಳು. ತನ್ನ ಪಕ್ಕದಲ್ಲೇ ಮಲಗುವ ಮಗಳನ್ನು ಒಂದು ಮಾತು ಕೇಳಿರಲಿಲ್ಲ.

ಅವಳ ಮನೆ ಮುಂದೆ ಜೀಪು ನಿಂತಿತು. ಅವಳು ಇಳಿಯಲಿಲ್ಲ. ಅವನೂ ಇಂಜಿನ್ ಆರಿಸಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತ.

"ನಾಳೆ ಅಮ್ಮನೋರಿಗೆ ಹೇಳ್ಬೇಕು, ಮೊರ ನನ್ನ ಹತ್ರನೇ ಇರ್ಲಿ ಅಂತ," ಎಂದಳು.

"ಹೇಳಿ." ಅವನು ಗಂಟಲು ಸರಿಮಾಡಿಕೊಂಡ. "ಇನ್ನೊಂದು ವಿಷ್ಯನೂ ಹೇಳ್ಬೇಕಾಗ್ತದೇನೋ. ಈಗ ನಮ್ದು ಎರಡು ಒಲೆ. ಸಭೆಗೆ ಎರಡು ಹಿಡಿ ಹೋಗ್ತದೆ. ಒಂದೇ ಒಲೆ ಆಗ್ಬುಟ್ರೆ ಒಂದು ಹಿಡಿ ಕಮ್ಮಿ ಆಗ್ತದೆ. ಅಯ್ಯನೋರು ಏನಂತಾರೋ."

ಕೃಪಾ ಅವನ ಮುಖ ನೋಡಲಿಲ್ಲ. ಸ್ಟೇರಿಂಗಿನ ಮೇಲಿದ್ದ ಕೈ ನೋಡಿದಳು. ಅಗಲವಾದ ಅಂಗೈ, ದಪ್ಪ ಬೆರಳು, ಉಗುರಿನ ಸಂದಿಯಲ್ಲಿ ಗ್ರೀಸು. ಎರಡು ತಿಂಗಳಿಂದ ದಿನಕ್ಕೆ ಮೂರು ಹೊತ್ತು ಅವಳ ಹೆಸರಲ್ಲಿ ಅಕ್ಕಿ ತೆಗೆದಿಟ್ಟ ಕೈ.

ಖಾಕಿ ಚೀಲವನ್ನು ಅವನಿಗೆ ಕೊಡದೆ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಅವಳು ಇಳಿದಳು. ಬಾಗಿಲ ಹತ್ತಿರ ಹೋಗಿ ತಿರುಗಿದಳು.

"ಹಿಡಿ ನೀವೇ ಹಾಕಿ," ಅಂದಳು. "ನಿಮ್ಮ ಕೈ ದೊಡ್ಡದು."